ಹಳದಿ, ನೀಲಿ ಹತ್ತಿದರೆ ಕೂಗು

11-2-97, ಮಂಗಳವಾರ

ಸೊಳ್ಳೆ ಮ್ಯಾಟಿನ ಮೆಷಿನ್ನಿಗೆ ಮತ್ತೆ ಸ್ಟಿಕರ್ ಬೊಟ್ಟು. ಬಿಸಿಗೆ ಅಂಟು ಕರಗಿ ರಾತ್ರಿಯೇ ಜಾರಿಬಿಡುತ್ತದೆ, ಕೆಂಪು ದೀಪ ಮತ್ತೆ ಇಣುಕುತ್ತದೆ. ಎಮರ್ಜೆನ್ಸಿ ಲೈಟನ್ನು ಗೋಡೆ ಕಡೆ ತಿರುಗಿಸಿಟ್ಟೆ. ಚಾರ್ಜಾಗುವಾಗ ಅದಕ್ಕೂ ಒಂದು ಕಣ್ಣು. ಅನು ಅದನ್ನೇ ನೋಡುತ್ತಾ ಮಲಗಿರುತ್ತಾಳೆ. ಐದು ತಿಂಗಳ ಕೂಸಿಗೆ ಅಮ್ಮನ ಮುಖಕ್ಕಿಂತ ಪ್ಲಗ್ ಪಾಯಿಂಟೇ ಚೆಂದ.

ತವರು ಕೆ.ಆರ್.ಎಸ್.ನಲ್ಲಿ ಅಮ್ಮ ಬಾಣಂತನ ಮಾಡುವಾಗ ಕಿಟಕಿಗೆ ಕಂಬಳಿ ಕಟ್ಟಿದ್ದರು. ಅಪ್ಪ ಟಾರ್ಚ್ ಹಾಕಿದರೂ ಬೈಗುಳ. ಇಲ್ಲಿಗೆ ಬಂದು ಇನ್ನೂ ಸೀರೆ ಮಡಚಿ ಇಟ್ಟಿಲ್ಲ, ಇವತ್ತು ಇದು...

ವೈರ್‌ಮನ್ ಕೆಂಪಣ್ಣ ಬಂದು ಹಾಲ್‌ನಲ್ಲಿದ್ದ ತ್ರೀ-ಫೇಸ್ ಪೆಟ್ಟಿಗೆ ಬಿಚ್ಚಿ ನಮ್ಮ ರೂಮಿನ ಗೋಡೆಗೆ ಹೊಡೆದ. ಮಂಚದ ಎದುರಿಗೇ. ತಗಡಿನ ಪೆಟ್ಟಿಗೆ, ಮೂರು ದೀಪ. ಕೆಂಪು ಹಗಲೂ ರಾತ್ರಿ ಉರಿಯುತ್ತದೆ. ಪಕ್ಕದ ಹಳದಿ, ನೀಲಿ ಕೂಡ ಹತ್ತಿದವು ಅಂದರೆ ತ್ರೀ-ಫೇಸ್ ಬಂತು, ಬೋರ್‌ವೆಲ್ ಮೋಟರ್ ಹಾಕಬಹುದು. ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾರಿಗೂ ಗೊತ್ತಿಲ್ಲ. ಹೆಚ್ಚಾಗಿ ನಡುರಾತ್ರಿ.

"ಹಾಲ್‌ನಲ್ಲೇ ಇರಲಿ ಅತ್ತೆ, ಮಗುಗೆ..." ಅಂದೆ.

"ಅಲ್ಲಿದ್ರೆ ನಂಗೆ ನಿದ್ದೆ ಬರಾಕಿಲ್ಲ ಕಣವ್ವ. ಸೂಜಿ ಆಡ್ಸ್‌ದಂಗೆ ಆಯ್ತದೆ ಕಣ್ಣಿಗೆ" ಅಂದರು ಅತ್ತೆ.

ನಾನು ಹೇಳಬೇಕು ಅಂದುಕೊಂಡಿದ್ದ ಮಾತು. ನನಗಿಂತ ಮೊದಲು ಅವರೇ ಹೇಳಿಬಿಟ್ಟರು.

ಕೆಂಪಣ್ಣ ಮೊಳೆ ಬಾಯಲ್ಲಿಟ್ಟುಕೊಂಡೇ, "ಗೌಡ್ರೆ, ಒಂದು ಆಟೋ ಸ್ಟಾರ್ಟ್ರು ಆಕುಸ್ಬುಡಿ. ಕರೆಂಟು ಬಂದ್ರೆ ತಾನೇ ಎತ್ಕೋತದೆ. ಯಾರೂ ಏಳಂಗಿಲ್ಲ" ಅಂದ.

ಮಾವ ನಕ್ಕರು. "ಆಟೋ ಯಾಕ್ಲಾ? ನಮ್ ಸೊಸೆ ಎಂಗೂ ಕೂಸು ಎತ್ಕೊಂಡು ರಾತ್ರಿಯೆಲ್ಲ ಎದ್ದಿರ್ತದೆ."

ಎಲ್ಲರೂ ನಕ್ಕರು. ಮರ್ಯಾದೆಗೆ ನಾನೂ.

13-2-97, ಗುರುವಾರ

ನಿನ್ನೆ ರಾತ್ರಿ ಮೊದಲ ಡ್ಯೂಟಿ. ಅನು ಆಗಷ್ಟೇ ಕಣ್ಣು ಮುಚ್ಚಿದ್ದಳು. ಟಕ್ ಅಂತ ಹಳದಿ, ಹಿಂದೆಯೇ ನೀಲಿ. ರೂಮೆಲ್ಲ ನಾಟಕದ ಸ್ಟೇಜ್ ಆಯಿತು. ಅನು ಬೆಚ್ಚಿ ಕಿರುಚಿದಳು. ಅವಳನ್ನು ಎತ್ತಿಕೊಳ್ಳುವ ಮೊದಲು "ಮಾವಾ, ಬಂತು!" ಅಂತ ಕೂಗಬೇಕು. ಕೂಗಿದೆ.

ಮಾವನಿಗೆ ಕಣ್ಣಲ್ಲಿ ಪೊರೆ, ರಾತ್ರಿ ಏನೂ ಕಾಣುವುದಿಲ್ಲ. ಅತ್ತೆ ಟಾರ್ಚ್ ಹಿಡಿದು ಮುಂದೆ, ಮಾವ ಅವರ ಸೆರಗು ಹಿಡಿದು ಹಿಂದೆ. ಮೋಟರ್ ಮನೆ ಹಿತ್ತಲಾಚೆ, ತೆಂಗಿನ ಸಸಿಗಳನ್ನು ದಾಟಿ. ನಮ್ಮ ರೂಮಿನ ಕಿಟಕಿಗೆ ನೇರ ಕಾಣುತ್ತದೆ. ಇಲ್ಲಿಂದ ಕೂಗಿದರೆ ಅಲ್ಲಿಗೆ ಕೇಳುತ್ತದೆ. ಅಲ್ಲಿ ಮಾವ ಕೆಮ್ಮಿದರೂ ಇಲ್ಲಿಗೆ ಕೇಳುತ್ತದೆ.

ಬೆಳಗ್ಗೆ ಅತ್ತೆ: "ಪರ್ವಾಗಿಲ್ಲ, ಚೆನ್ನಾಗಿ ಕೂಗ್ತಾಳೆ."

16-2-97, ಭಾನುವಾರ

ಇವರು ನಿನ್ನೆ ಸಂಜೆ ಕೆ.ಆರ್. ಪೇಟೆಯಿಂದ ಬಂದರು. ಹೈಸ್ಕೂಲಿನ ಕ್ಲಾರ್ಕ್ ಕೆಲಸ, ಶನಿವಾರ ಬಂದು ಸೋಮವಾರ ಬೆಳಗ್ಗೆ ಮೊದಲ ಬಸ್ಸು. ಪೆಟ್ಟಿಗೆ ತೋರಿಸಿದೆ.

"ಬಿ.ಎಸ್ಸಿ. ಓದಿ ಮೂರು ಬಲ್ಬಿಗೆ ಎದರ್ಕೋತೀಯಲ್ಲೇ."

"ಹೆದರಿಕೆ ಅಲ್ಲ ಶಿವು. ಮಗು ಮಲಗಲ್ಲ. ನಾನೂ ಮಲಗಿಲ್ಲ."

"ಅಪ್ಪಂಗೆ ನಾನು ಏನಂತ ಯೋಳ್ಲಿ? ಟೊಮೇಟೊ ಒಣಗ್ಲಿ ಅಂತ್ಲಾ?"

ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡರು. ಎರಡು ನಿಮಿಷಕ್ಕೆ ಗೊರಕೆ. ನಡುರಾತ್ರಿ ನಾನು ಕೂಗಿದಾಗಲೂ ಟವೆಲ್ಲು ಅಲುಗಲಿಲ್ಲ.

20-2-97

ಪಕ್ಕದ ತೋಟದ ಮಾಯಮ್ಮ ಬೇಲಿ ಹತ್ತಿರ ನಿಲ್ಲಿಸಿಕೊಂಡಳು. "ನಂಗೂ ಒಂದು ಕೂಗು ಆಕವ್ವ ತಾಯಿ. ನಮ್ಮನೇಲಿ ಲೈಟಿಲ್ಲ, ನಮ್ ಯಜಮಾನ್ನ ಎದ್ದೇಳ್ಸೋಕೆ ತಮ್ಟೆ ಬೇಕು."

ಆಯಿತು, ಈಗ ಎರಡು ಮನೆಗೆ. ಕಿಟಕಿಯಿಂದ ಒಂದು ಕೂಗು, ಬಾಗಿಲಿಂದ ಒಂದು.

ಸಂಜೆ ಹಾಲಿನ ಡೈರಿ ಹತ್ತಿರ ಹೆಂಗಸರು ಏನೋ ಅಂದು ನಕ್ಕರು. ಮಾಯಮ್ಮನೇ ಬಿಡಿಸಿ ಹೇಳಿದಳು. ನನ್ನ ಹೆಸರು ಈಗ ಪ್ರಮೀಳಾ ಅಲ್ಲವಂತೆ. ಮಾವನ ಹೆಸರು ಸೇರಿಸಿ, "ಒನ್ನಪ್ಪನ ಮನೆ ಆಟೋ."

24-2-97, ಸೋಮವಾರ

ತಡೆಯಲಾಗಲಿಲ್ಲ. ನಿನ್ನೆ ರಾತ್ರಿ ಅನುವಿನ ಲಂಗೋಟಿ ಬಟ್ಟೆಯನ್ನು ಪೆಟ್ಟಿಗೆಗೆ ಸುತ್ತಿ ಪಿನ್ನು ಹಾಕಿದೆ. ಎಷ್ಟು ಕತ್ತಲು! ಕತ್ತಲು ಅಂದರೆ ಇಷ್ಟು ಮೆತ್ತಗಿರುತ್ತದೆ ಅನ್ನುವುದು ಮರೆತೇ ಹೋಗಿತ್ತು. ಅನು ಒಂದೇ ಸಲಕ್ಕೆ ಮಲಗಿದಳು. ನಾನೂ.

ಎಚ್ಚರವಾದಾಗ ಅತ್ತೆ ಬಾಗಿಲಲ್ಲಿ. "ಅಯ್ಯೋ ನಿನ್ ಮನೆ ಕಾಯ್ವಾಗ! ಕೂಸಿನ ಉಚ್ಚೆ ಬಟ್ಟೆ ತಂದು ಲೈಟಿಗೆ ಕಟ್ಟವ್ಳಲ್ಲ! ಲೈಟಿಗೆ ಉಚ್ಚೆ ಬಂದಿತ್ತೇನೆ?"

ಮಾವ ಪಿನ್ನು ಬಿಚ್ಚಿ, ಬಟ್ಟೆ ಮಡಚಿ, ನನ್ನ ಕೈಗೆ ಕೊಟ್ಟರು. "ಬೇಡ ಕಣವ್ವ ಇಂಗೆಲ್ಲ. ಎರಡು ಎಕರೆ ಟೊಮೇಟೊ ಅದೆ" ಅಂದರಷ್ಟೆ.

ಅತ್ತೆ ಇಡೀ ದಿನ, ಬಂದವರಿಗೆಲ್ಲ, ಉಚ್ಚೆ ಬಟ್ಟೆ ಕಥೆ.

5-3-97, ಬುಧವಾರ, ರಾತ್ರಿ

ಬಂದಿದೆ. ಮೂರೂ ಉರಿಯುತ್ತಿವೆ. ಅನು ಹಾಲು ಕುಡಿಯುತ್ತಿದ್ದಾಳೆ.

ಕೂಗಿಲ್ಲ.

ಕೂಗುವುದಿಲ್ಲ. ಆಚೆ ಹಾಲ್‌ನಲ್ಲಿ ಇಬ್ಬರೂ ಗೊರಕೆ. ಒಂದು ಬಾಯಿ ತೆರೆದರೆ ಸಾಕು. ತೆರೆಯುತ್ತಿಲ್ಲ. ಏನೋ ಒಂಥರಾ ಸುಖ. ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಖಾಲಿ ಬಿಟ್ಟು ಬಂದ ಹಾಗೆ.

ಟೊಮೇಟೊ ಬಗ್ಗೆ ಯೋಚಿಸಿದೆ. ಸ್ವಲ್ಪ ಹೊತ್ತು.

6-3-97

ಇವತ್ತೂ.

8-3-97, ಶನಿವಾರ

ಸಿಕ್ಕಿಬಿದ್ದೆ. ಮಾಯಮ್ಮ ನಿನ್ನೆ ರಾತ್ರಿ ಕರು ಹಾಕುವ ಹಸು ನೋಡಲು ಎದ್ದವಳು ಕೆಳಗಿನ ತೋಟದವರ ಮೋಟರ್ ಸದ್ದು ಕೇಳಿ ತಾನೂ ಹಾಕಿಸಿಕೊಂಡಳಂತೆ. ಬೆಳಗ್ಗೆ ಅವರ ಮಡಿಯಲ್ಲಿ ನೀರು, ನಮ್ಮದರಲ್ಲಿ ಬಿರುಕು. ಗಿಡ ತಲೆ ಬಾಗಿಸಿ ನಿಂತಿವೆ. ಮೂರು ರಾತ್ರಿ ನೀರಿಲ್ಲ.

ಸುಳ್ಳು ಹೇಳುವ ಕಷ್ಟವೂ ಬರಲಿಲ್ಲ. ತೀರ್ಪನ್ನು ಅವರೇ ಬರೆದುಕೊಂಡಿದ್ದರು.

"ನಿದ್ದೆ ಮಾಡ್ಬುಟ್ಟವ್ಳೆ" ಅಂದರು ಅತ್ತೆ. "ಕೂಸಿಗೆ ಆಲು ಕುಡುಸ್ತಾ ಕುಡುಸ್ತಾ ಮೈಮರ್ತು ಮನಿಕ್ಕೊಂಡವ್ಳೆ. ಒಂದಲ್ಲ, ಮೂರು ರಾತ್ರಿ! ಏನ್ ನಿದ್ದೆನಪ್ಪ ಇವಳ್ದು."

ನಾನು! ನಿದ್ದೆ! ನಗು ಬಂತು, ತಡೆದುಕೊಂಡೆ. ತಡೆದಿದ್ದು ಅಳು ಬಂದ ಹಾಗೆ ಕಂಡಿರಬೇಕು. ಮಾವ, "ಓಗ್ಲಿ ಬುಡು, ಬೈಬ್ಯಾಡ" ಅಂದರು.

ಬೈಯಲಿಲ್ಲ ಅತ್ತೆ. ಪರಿಹಾರ ಹೇಳಿದರು. ಇನ್ನು ಮೇಲೆ ರಾತ್ರಿ ಅನು ಅವರ ಪಕ್ಕ, ಹಾಲ್‌ನಲ್ಲಿ. ಬಾಟಲಿ ಹಾಲು. "ಕೂಸಿಲ್ದಿದ್ರೆ ನಿಂಗೂ ಮೈಮರ್ವು ಬರಾಕಿಲ್ಲ. ಲೈಟು ನೋಡ್ಕೊಂಡಿರು."

ಸಂಜೆ ಇವರು ಬಂದಾಗ ಬ್ಯಾಗಿನಲ್ಲಿ ಹೊಸ ಬಾಟಲಿ. ಪೇಟೆಗೆ ಮಧ್ಯಾಹ್ನವೇ ಫೋನ್ ಹೋಗಿತ್ತು.

10-3-97, ಸೋಮವಾರ

ಹಾಲ್ ಬಾಗಿಲಿಗೆ ಒಳಗಿನಿಂದ ಚಿಲಕ. "ಬೆಕ್ಕು ಬತ್ತದೆ" ಅಂತ.

ರಾತ್ರಿ ಅನು ಅತ್ತಳು. ಗೋಡೆಯಾಚೆ ಅಳು, ಈಚೆ ನನ್ನ ರವಿಕೆ ಒದ್ದೆ. ಬಾಗಿಲು ತಟ್ಟಿದೆ. "ಲೈಟ್ ಬಂತಾ?" ಅಂತ ಅತ್ತೆ. "ಇಲ್ಲ." "ಮತ್ಯಾಕೆ ಬಡೀತೀಯ, ಮನಿಕ್ಕೊಂಡದೆ ಕೂಸು." ಮಲಗಿರಲಿಲ್ಲ. ಬಾಟಲಿ ಬಾಯಿಗಿಟ್ಟ ಮೇಲೆ ಸುಮ್ಮನಾದಳು.

ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲಿದೆ. ನೀರು ಹಾಕಿ ತೊಳೆದೆ.

ಬಂದು ಕೆಂಪು ದೀಪ ನೋಡುತ್ತಾ ಕೂತೆ.

15-3-97, ಶನಿವಾರ

ಒಂದು ವಾರ ಒಂದು ಸಲವೂ ತಪ್ಪಿಲ್ಲ. ಹಳದಿ ಹತ್ತುವ ಮೊದಲು ಕೆಂಪು ಒಂದು ಕ್ಷಣ ಮಂಕಾಗುತ್ತದೆ, ಅದೂ ಈಗ ಗೊತ್ತು. ಚೆನ್ನಾಗಿ ಕಾದರೆ ಮಗುವನ್ನು ಕೊಡುತ್ತಾರೆ ಅಂದುಕೊಂಡಿದ್ದೆ. ಪೆದ್ದಿ.

ಮಾವ ಮಾಯಮ್ಮನ ಯಜಮಾನರಿಗೆ ಹೇಳುತ್ತಿದ್ದರು. "ಕಣ್ ಮುಚ್ಚಾಕಿಲ್ಲ ಕಣಯ್ಯ ನಮ್ ಸೊಸೆ. ಯಾವ ಆಟೋನೂ ಇಂಗೆ ಕೆಲ್ಸ ಮಾಡಾಕಿಲ್ಲ."

ಇವರ ಹತ್ತಿರ ಕೇಳಿದೆ. "ಒಂದು ವಾರ ಆಯ್ತು. ಒಂದೂ ಮಿಸ್ ಮಾಡಿಲ್ಲ. ಇವತ್ತಿಂದ ಮಗು ನನ್ನ ಹತ್ರ ಇರ್ಲಿ ಅಂತ ಹೇಳಿ."

"ಅದೇ ಕಣೇ. ಮಗು ಇಲ್ದೇ ಎಷ್ಟು ಚೆನ್ನಾಗಿ ನಡೀತಾ ಅದೆ ನೋಡು."

ತಪ್ಪಿದರೆ ಮಗುವಿನಿಂದ ತಪ್ಪಿತು. ತಪ್ಪದಿದ್ದರೆ ಮಗು ಇಲ್ಲದ್ದಕ್ಕೆ ತಪ್ಪಲಿಲ್ಲ. ಬರೆದು ನೋಡಿದರೂ ಎಲ್ಲೂ ಬಾಗಿಲಿಲ್ಲ.

ಅತ್ತೆಯನ್ನೇ ನೇರ ಕೇಳಿದೆ. ಅನುವನ್ನು ತೊಡೆ ಮೇಲೆ ಹಾಕಿ ತಲೆಗೆ ಎಣ್ಣೆ ತಿಕ್ಕುತ್ತಿದ್ದರು. "ನೋಡು ಎಂಗೆ ದುಂಡಗಾಗದೆ. ಕತ್ಲಲ್ಲಿ ಚೆನ್ನಾಗಿ ನಿದ್ದೆ ಮಾಡ್ತದೆ. ನಿನ್ ರೂಮ್‌ನಾಗೆ ಆ ಮೂರು ಲೈಟ್ ಎದ್ರುಗೆ ಎಂಗವ್ವ ಮನಗ್ತದೆ ಕೂಸು? ನೀನೇ ತಾನೆ ಯೋಳ್ತಿದ್ದುದ್ದು."

ನಾನೇ. ಹೌದು.

21-3-97, ಶುಕ್ರವಾರ

ಬರೆಯದೆ ವಾರವಾಗುತ್ತಾ ಬಂತು. ಬರೆಯಲು ಏನೂ ಇರಲಿಲ್ಲ. ಅನು ಹಗಲು ಕುಡಿಯುವಾಗಲೂ ಚಡಪಡಿಸುತ್ತಾಳೆ. ಬಾಟಲಿಯಲ್ಲಿ ಸಲೀಸು, ನನ್ನಲ್ಲಿ ಕಷ್ಟ. ಹಾಲು ಕಡಿಮೆ ಆಗಿದೆ. "ಸಣ್ಕಲಿ, ಎಲ್ಲಿಂದ ಬರ್ಬೇಕು ಆಲು" ಅಂತ ಅತ್ತೆ ಹಾಲಿನ ಡೈರಿ ಹತ್ತಿರ ಹೇಳಿದರಂತೆ. ಮಾಯಮ್ಮ ತಂದು ಮುಟ್ಟಿಸಿದಳು.

ನಿನ್ನೆ ರಾತ್ರಿ ತ್ರೀ-ಫೇಸ್ ಬಂತು. ಕೂಗಿದೆ. ಅತ್ತೆ-ಮಾವ ಟಾರ್ಚ್ ಹಿಡಿದು ಹೋದರು. ಹಾಲ್ ಬಾಗಿಲು ತೆರೆದೇ ಇತ್ತು.

ಒಳಗೆ ಹೋದೆ. ಚಾಪೆ ಮೇಲೆ ಅನು, ಮುಷ್ಟಿ ಬಾಯಲ್ಲಿ. ಎತ್ತಿಕೊಂಡೆ. ಮೊದಲು ಬೇಡ ಅಂದಳು, ಮುಖ ಆ ಕಡೆ ಈ ಕಡೆ. ಆಮೇಲೆ ಸಿಕ್ಕಿತು. ನಿದ್ದೆಗಣ್ಣಲ್ಲಿ ಎಳೆದಳು. ಮೊದಲಿನ ಹಾಗೇ, ಕೈ ಬೆರಳಿಂದ ನನ್ನ ತಾಳಿ ಸರ ಹಿಡಿದುಕೊಂಡು.

ಮೋಟರ್ ಹಾಕಿ ಅವರು ವಾಪಸ್ಸು ಬರುವ ಹೆಜ್ಜೆ ಸದ್ದಿಗೆ ಮಲಗಿಸಿ ಬಂದುಬಿಟ್ಟೆ.

ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ?

23-3-97, ಭಾನುವಾರ, ರಾತ್ರಿ

ಕೆಂಪು ಒಂದೇ ಇತ್ತು. "ಮಾವಾ, ಬಂತು!" ಅಂದೆ.

ಹೋದರು. ಇವರು ಪಕ್ಕದಲ್ಲೇ ಟವೆಲ್ ಹೊದ್ದು ಮಲಗಿದ್ದಾರೆ, ಅಲುಗಲಿಲ್ಲ. ನಾನು ಹಾಲ್‌ಗೆ.

ದೂರದಲ್ಲಿ ಅತ್ತೆ ಕೂಗಿದರು: "ಲೈಟ್ ಅದೆಯೇನೆ? ಮೋಟ್ರು ಎತ್ಕೋತಿಲ್ಲ!"

ರೂಮಿಗೆ ಬಂದು ಕಿಟಕಿಯಿಂದ: "ಈಗಷ್ಟೇ ಹೋಯ್ತು ಅತ್ತೆ!"

"ಆಳಾದ್ ಕರೆಂಟು!"

ತೋಳಲ್ಲಿ ಅನು. ಇಬ್ಬರಿಗೂ ನಗು. ಅವಳಿಗೆ ಯಾಕೆ ನಗು ಬಂತೋ, ಬಂತು.

26-3-97, ಬುಧವಾರ

ನಿನ್ನೆ ರಾತ್ರಿ ಎರಡು ಸಲ ಎಬ್ಬಿಸಿದೆ. ಎರಡನೇ ಸಲ ಹೋಗುವಾಗ ಮಾವ ಎಡವಿ ಬಿದ್ದರಂತೆ. ಬೆಳಗ್ಗೆ ಮಂಡಿಗೆ ಅರಿಶಿನ ಮೆತ್ತಿಕೊಂಡು ಜಗಲಿಯಲ್ಲಿ ಕೂತಿದ್ದರು. ನಾನೇ ಬಿಸಿನೀರು ಕಾಸಿಕೊಟ್ಟೆ. ಗಾಯ ನೋಡಿದೆ. ಅಯ್ಯೋ ಅನ್ನಿಸಲಿಲ್ಲ. ಅನ್ನಿಸುತ್ತದೇನೋ ಅಂತ ಕಾದೆ, ಇಲ್ಲ. ಮಂಡಿ ನೋವಿದ್ದರೆ ನಿಧಾನ ನಡೆಯುತ್ತಾರೆ, ನಿಧಾನ ನಡೆದರೆ ನನಗೆ ಇನ್ನೂ ಸ್ವಲ್ಪ ಹೊತ್ತು. ಅನ್ನಿಸಿದ್ದು ಅದೊಂದೇ.

ಮಾಯಮ್ಮನಿಗೆ ಸುಳ್ಳು ಕೂಗು ಹಾಕುವುದಿಲ್ಲ. ಅದೇ ಎಡವಟ್ಟಾಯಿತು. ಮಧ್ಯಾಹ್ನ ಅವಳ ಯಜಮಾನರು ಬಂದು, "ಗೌಡ, ರಾತ್ರಿ ಕರೆಂಟೇ ಬಂದಿಲ್ವಂತೆ, ಸಬ್‌ಸ್ಟೇಶನ್‌ನೋರೇ ಅಂದ್ರು. ನಿನ್ ಸೊಸೆ ಕನಸ್ ಕಾಣ್ತಾವ್ಳೆ" ಅಂದರು.

ಮಾವ ಕೂತಲ್ಲಿಂದ ಎದ್ದೇ ನಿಂತರು, ಆ ಮಂಡಿಯಲ್ಲಿ. "ನೋಡಯ್ಯ, ನಮ್ ಸೊಸೆ ಸುಳ್ಳು ಯೋಳಾಕಿಲ್ಲ. ಬಿ.ಎಸ್ಸಿ. ಓದದೆ. ಬಂದದೆ ಅಂದ್ರೆ ಬಂದದೆ. ನಿಮ್ ಸಬ್‌ಸ್ಟೇಶನ್‌ನೋರು ಕುಡ್ಕೊಂಡ್ ಮನಗಿರ್ತಾರೆ."

ನಾನು ಅಡುಗೆ ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಬಿಡಿಸುತ್ತಲೇ ಇದ್ದೆ.

29-3-97, ಶನಿವಾರ

ಕೆಂಪಣ್ಣನನ್ನು ಕರೆಸಿದರು. ಲೈಟ್ ಬರುತ್ತದೆ, ಮೋಟರ್ ಎತ್ತಿಕೊಳ್ಳುವುದಿಲ್ಲ, ಯಾಕೆ? ಹಗಲು ತ್ರೀ-ಫೇಸ್ ಇರಲಿಲ್ಲ, ನೋಡಿ ಹೇಳುವ ಹಾಗಿರಲಿಲ್ಲ. ಸ್ಟಾರ್ಟರ್ ಡಬ್ಬ ತೆಗೆದು ಇಣುಕಿ, "ಒಳಗೆ ಕಾಂಟ್ಯಾಕ್ಟ್ ಎಲ್ಲ ಸುಟ್ಟು ಕರ್ರಗಾಗವೆ ಗೌಡ್ರೆ. ಮೋಟ್ರು ಎತ್ಕೊಳ್ದಾಗೆಲ್ಲ ಉಜ್ಜುದ್ರೆ ಸರಿ ಓಯ್ತದೆ. ಮೇನ್ ಸ್ವಿಚ್ಚೂ ಕಿತ್ತೋಗದೆ, ಅದೊಂದು ಆಕುಸ್ಕೊಳಿ ಮೊದ್ಲು. ಕರೆಂಟು ನಿಲ್ಸಾಕೆ ಏನೂ ಇಲ್ಲ ಇಲ್ಲಿ" ಅಂದ.

"ಆಯ್ತು ಕಣ್ಲಾ, ನೋಡಣ" ಅಂದರು ಮಾವ. ನೋಡುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಇಲ್ಲಿ ಯಾರ ಮೋಟರ್ ಮನೆಯಲ್ಲೂ ಮೇನ್ ಸ್ವಿಚ್ ನೆಟ್ಟಗಿಲ್ಲ. ತ್ರೀ-ಫೇಸ್ ಇಲ್ಲದಾಗ ಕೆಂಪು ಫೇಸಿನ ಫ್ಯೂಸ್ ಒಂದು ಕಿತ್ತಿಟ್ಟು, ಉಳಿದೆರಡು ಹೇಗೂ ಸತ್ತಿರುತ್ತವೆ ಅಂತ ಕೈ ಹಾಕುವುದು. ಮನೆಯಲ್ಲಿ ಒಬ್ಬರು ಲೈಟ್ ನೋಡುತ್ತಾ ನಿಲ್ಲುವುದು. ಹಳದಿ, ನೀಲಿ ಹತ್ತಿದರೆ ಆ ಎರಡಕ್ಕೂ ಕರೆಂಟು ಬಂತು, ಕೂಗು, ಕೈ ತೆಗಿ. ಇವರ ತಾತನ ಕಾಲದಿಂದ ಹೀಗೇ ಅಂತೆ. ಹಾಗಂತ ಇವರೇ ನಗುತ್ತಾ ಹೇಳಿದರು.

ಊಟಕ್ಕೆ ಬಡಿಸುವಾಗ ನಾನೇ ಹೇಳಿದೆ. "ಮಾವ, ರಾತ್ರಿ ಲೈಟ್ ಹೋದ ಮೇಲೆ ಅಲ್ಲೇ ಬಿಚ್ಚಿ ಉಜ್ಜಿಬಿಡಿ. ನಾನು ಇಲ್ಲಿಂದ ನೋಡ್ತಾ ಇರ್ತೀನಿ."

"ಊಂ ಕಣವ್ವ. ಅದೇ ಸರಿ."

2-4-97, ಬುಧವಾರ

ನಿನ್ನೆ ಉಜ್ಜಿದರು. "ಓಯ್ತಾ?" ಅಂತ ಅತ್ತೆ ಕೂಗಿದರು. "ಹೋಯ್ತು" ಅಂದೆ. "ಅಂಗಾದ್ರೆ ಬಿಚ್ತಾವ್ರಂತೆ, ಬಂದ್ರೆ ಕೂಗು!"

ಎಷ್ಟು ಹೊತ್ತು ಸಿಕ್ಕಿತು! ಅನುವನ್ನು ರೂಮಿಗೇ ತಂದು ಎರಡೂ ಕಡೆ ಕುಡಿಸಿದೆ. ಅನು ತೇಗಿದಳು. ಉಗುರು ಕತ್ತರಿಸಿದೆ. ಕಿವಿ ಹಿಂದೆ ಸ್ವಲ್ಪ ಕೊಳೆ ಇತ್ತು, ಅತ್ತೆ ನೋಡಿಲ್ಲ. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ನಡುನಡುವೆ ಕಣ್ಣು ಮಾತ್ರ ಆ ಮೂರು ದೀಪದ ಕಡೆ ಹೋಗುತ್ತಲೇ ಇತ್ತು. ಅಷ್ಟು ನಿಯತ್ತು ಇನ್ನೂ ಇದೆ.

ಹಾಲು ಮತ್ತೆ ತುಂಬುತ್ತಿದೆ. ಗೊತ್ತಾಗುತ್ತದೆ.

3-4-97, ಗುರುವಾರ

ಮಾವ ಬೆಳಗ್ಗೆ ಕರೆದರು. ಪಕ್ಕದಲ್ಲಿ ಕೂರಿಸಿಕೊಂಡರು. ಹಾಗೆ ಯಾವತ್ತೂ ಕೂರಿಸಿಕೊಂಡವರಲ್ಲ.

"ಸಾಕಾಯ್ತು ಕಣವ್ವ. ನಿನ್ ಮುಖ ನೋಡು, ಕಣ್ಣು ಎಲ್ಲಿಗೋಗವೆ. ನಂಗೂ ಕಾಲಾಗಾಕಿಲ್ಲ. ಕೆಂಪಣ್ಣ ಶನ್ವಾರ ಆಟೋ ತತ್ತಾನೆ. ಆಕುಸ್ಬುಡ್ತೀನಿ. ಆ ಪೆಟ್ಗೆ ಕಿತ್ತಾಕ್ತೀನಿ. ನೀನು ಆರಾಮಾಗಿ ಮನಿಕ್ಕೊ."

ಫೆಬ್ರವರಿಯಲ್ಲಿ ಈ ಮಾತು ಬಂದಿದ್ದರೆ ಕಾಲಿಗೆ ಬೀಳುತ್ತಿದ್ದೆ.

"ಹಾಗಾದ್ರೆ ಮಗು..." ಅಂದೆ.

ಒಳಗಿನಿಂದ ಅತ್ತೆ: "ಕೂಸು ನಂಗೆ ಒಗ್ಗೋಗದೆ. ನನ್ ವಾಸ್ನೆ ಇಲ್ದೇ ಮನಗಾಕಿಲ್ಲ ಈಗ. ಸುಮ್ನೆ ಯಾಕೆ ಕೀಳ್ತೀಯ? ಯುಗಾದಿ ಕಳೀಲಿ, ನಿನ್ ಆಲೂ ಬುಡಿಸ್ಬುಡಣ. ಬೇವಿನ ರಸ ಅಚ್ಕೊಂಡ್ರೆ ಎರಡೇ ದಿನ."

ಮಾವ ನೆಲ ನೋಡಿದರು. ಅವರಿಗೆ ಅರ್ಥವಾಯಿತು ಅನ್ನಿಸುತ್ತದೆ. ನನ್ನ ತಲೆ ಸವರಿದರು. ಎದ್ದು ಹೋದರು.

ಅವರಾದರೂ ಒಂದು ಮಾತು ಅಂದಿದ್ದರೆ.

ಸಂಜೆ ಅನುವನ್ನು ಅತ್ತೆಯ ಕೈಯಿಂದ ಎತ್ತಿಕೊಳ್ಳಲು ಹೋದೆ. ನನ್ನ ಕಡೆ ನೋಡಿದಳು, ಕೆಳತುಟಿ ಮುಂದೆ ಬಂತು, ಅತ್ತೆಯ ಭುಜದಲ್ಲಿ ಮುಖ ಹೂತುಕೊಂಡಳು.

ಅತ್ತೆ ಅವಳ ಬೆನ್ನು ತಟ್ಟುತ್ತಾ ಒಳಗೆ ಹೋದರು.

4-4-97, ಶುಕ್ರವಾರ, ರಾತ್ರಿ

ನಾಳೆ ಕೆಂಪಣ್ಣ ಬರುತ್ತಾನೆ. ಇವತ್ತೇ ಕೊನೆ.

ಕೆಂಪು ಒಂದೇ ಇತ್ತು. "ಮಾವಾ, ಬಂತು!" ಅಂದೆ. ಮಾವ ಏಳಲು ಹೊತ್ತು ಮಾಡಿದರು. "ನಾಳೆ ಆಟೋ ಬತ್ತದಲ್ಲ, ಇವತ್ತು ಬುಡು ಅತ್ಲಾಗೆ" ಅಂದರು ಅತ್ತೆ. "ಗಿಡ ಕೇಳ್ತವಾ ನಾಳೆ ಅಂದ್ರೆ?" ಅಂತ ಎದ್ದರು. ಕುಂಟುತ್ತಾ ಹೋದರು.

ಅನುವನ್ನು ತಂದು ನಮ್ಮ ಮಂಚದ ಮೇಲೆ ಕೂತಿದ್ದೇನೆ. ಎಡತೋಳಲ್ಲಿ ಅವಳು, ಬಲಗೈಯಲ್ಲಿ ಪೆನ್ನು. ಬರೆಯುತ್ತಿದ್ದರೆ ಹೊತ್ತು ಇನ್ನೂ 'ಇದೆ' ಅನ್ನಿಸುತ್ತದೆ. ಇನ್ನೂ ಬಾಯಿ ಕೊಟ್ಟಿಲ್ಲ. ಮುಖ ತಿರುಗಿಸುತ್ತಾಳೆ. ಹಾಲು ಅವಳ ಕೆನ್ನೆಗೆ ಹಚ್ಚಿದೆ. ಒರೆಸಿಕೊಂಡಳು.

"ಪ್ರಮೀಳಾ, ಓಯ್ತೇನೆ?"

"ಹೋಯ್ತು ಅತ್ತೆ!"

"ಕೊನೇ ಸಲ ಉಜ್ಜಿ ನೋಡ್ತಾವ್ರಂತೆ! ಬಂದ್ರೆ ಕೂಗು!"

"ಹೂಂ!"

ಟಾರ್ಚ್ ಬೆಳಕು ಮೋಟರ್ ಮನೆಯ ಒಳಗೆ ಹೋಯಿತು. ಡಬ್ಬದ ಮುಚ್ಚಳ ಕಳಚಿದ ಸದ್ದು. ಅತ್ತೆ ಏನೋ ಅಂದರು, ಮಾವ ನಕ್ಕರು. ಈಚೆ ಬಂದು ಬಾಗಿಲಲ್ಲಿ ಕೂತರು. ಬೀಡಿ ಹಚ್ಚಿದರು. ಸಣ್ಣ ಕೆಂಪು ಚುಕ್ಕೆ, ಇಲ್ಲಿಗೂ ಕಾಣುತ್ತದೆ. ಬೀಡಿ ಮುಗಿಯುವವರೆಗೆ ಒಳಗೆ ಕೈ ಹಾಕುವುದಿಲ್ಲ ಅವರು.

ಕುಡಿಯುತ್ತಿದ್ದಾಳೆ.

ಕುಡಿಯುತ್ತಿದ್ದಾಳೆ! ಹಿಡಿದುಕೊಂಡಳು. ಕಣ್ಣು ಮುಚ್ಚಿ, ಮೂಗಿನಲ್ಲಿ ಉಸಿರು ಬಿಡುತ್ತಾ, ಜೋರಾಗಿ. ಎದೆಯಿಂದ ಬೆನ್ನವರೆಗೆ ಎಳೆದ ಹಾಗಾಗುತ್ತದೆ. ಬೆರಳು ಸರ ಹುಡುಕುತ್ತಿದೆ. ಸಿಕ್ಕಿತು.

ಕೆಂಪು ಮಂಕಾಯಿತು.

ಹಳದಿ.

ನೀಲಿ.

ಅವಳ ಮುಖದ ಮೇಲೆ ಮೂರು ಬಣ್ಣ. ಬೆಚ್ಚಲಿಲ್ಲ. ಕುಡಿಯುತ್ತಲೇ ಇದ್ದಾಳೆ. ನಾನು ಕೂಗಿದರೆ ಬೆಚ್ಚುತ್ತಾಳೆ. ಬಿಟ್ಟರೆ ಮತ್ತೆ ಹಿಡಿಯುವುದಿಲ್ಲ. ಇವತ್ತು ಬಿಟ್ಟರೆ ಇನ್ನು...

ಬೀಡಿ ಇನ್ನೂ ಇದೆ. ಚುಕ್ಕೆ ಕಾಣುತ್ತಿದೆ. ಅವರು ನಿಧಾನ ಸೇದುತ್ತಾರೆ. ಇನ್ನೊಂದು ಗುಟುಕು. ಈ ಕಡೆಯದು ಮುಗಿಯಲಿ, ಕೂಗುತ್ತೇನೆ. ಬಾಯಿ ತೆರೆದೇ ಇಟ್ಟುಕೊಂಡಿದ್ದೇನೆ.

ಅತ್ತೆ ಟಾರ್ಚ್ ಎತ್ತಿದರು.

ಚುಕ್ಕೆ ಕೆಳಗೆ ಬಿತ್ತು.

ಇನ್ನೊಂದೇ ಗುಟುಕು, ಅನು, ಇನ್ನೊಂದೇ